ಕೊನೇ ಮೂರು ಅಡಿಯ ಚರಿತ್ರೆ

ಗಾಲ್ಫ್ ಅಂದ ಕೂಡಲೇ "ಅದು ದುಡ್ಡಿರೋರ ಆಟ ಬಿಡಪ್ಪ" ಅಂತ ಪುಟ ಮುಚ್ಚಬೇಡಿ ಸ್ವಾಮಿ. ಇವತ್ತು ಹೇಳಹೊರಟಿರುವುದು ಚೆಂಡನ್ನು ಮುನ್ನೂರು ಗಜ ದೂರಕ್ಕೆ ಬೀಸುವ ಬಲಭೀಮರ ಕಥೆಯಲ್ಲ. ಮೂರು ಅಡಿ ಆಚೆ ಇರುವ ಕುಳಿಗೆ ಚೆಂಡು ತಳ್ಳಲಾಗದೆ ಕೈ ನಡುಗಿಸಿಕೊಂಡು ನಿಂತ ದೊಡ್ಡ ದೊಡ್ಡವರ ಕಥೆ, ಮತ್ತು ಅದರಿಂದ ಅವರು ಹೇಗೆ ಹೊರಗೆ ಬಂದರು ಅನ್ನುವ ಕಥೆ. ವಾಮನ ಮೂರೇ ಅಡಿ ಕೇಳಿ ಬಲಿ ಚಕ್ರವರ್ತಿಯನ್ನು ಪಾತಾಳಕ್ಕೆ ತುಳಿದನಲ್ಲ... ಗಾಲ್ಫಿನಲ್ಲೂ ಅಷ್ಟೇ. ಮೂರಡಿ ತಾನೇ ಅಂತ ಸಸಾರ ಮಾಡಿದವನು ಕೆಟ್ಟ!

ನಮ್ಮದು ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿ. ಊರು ಹೋಬಳಿ ಕೇಂದ್ರ, ಕೆಲಸ ವೈಟ್‌ಫೀಲ್ಡ್ ಕಡೆ, ಕಂಪ್ಯೂಟರ್ ಮುಂದೆ. ಆಫೀಸಿನ ಗೆಳೆಯರ ಸಹವಾಸದಿಂದ ಈ ಆಟದ ಹುಚ್ಚು ಹತ್ತಿತು. ಈಗ ಕೆಲವು ತಿಂಗಳಿಂದ ನನ್ನ ಪಟಿಂಗ್ ಪೂರ್ತಿ ಕೈಕೊಟ್ಟಿದೆ. ನಾವು ಇಂಜಿನಿಯರುಗಳು ಏನಾದರೂ ಕೆಟ್ಟರೆ ಮೊದಲು ಹಳೇ ದಾಖಲೆ ತೆಗೆದು ನೋಡ್ತೀವಿ, ಇದೇ ತೊಂದರೆ ಹಿಂದೆ ಯಾರಿಗಾದರೂ ಬಂದಿತ್ತಾ ಅಂತ. ಹಾಗೆ ಹುಡುಕುತ್ತಾ ಹೋದಾಗ ಸಿಕ್ಕಿದ್ದು ನೂರಿಪ್ಪತ್ತು ವರ್ಷದ ಒಂದು ಸೊಗಸಾದ ಚರಿತ್ರೆ. ನನ್ನೊಬ್ಬನಲ್ಲೇ ಇಟ್ಟುಕೊಳ್ಳಲು ಮನಸ್ಸಾಗಲಿಲ್ಲ.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಚಿಕ್ಕಂದಿನಲ್ಲಿ ಗೋಲಿ ಆಡಿದ್ದೀರಲ್ಲ? ನೆಲದಲ್ಲಿ ಗುಳಿ ತೋಡಿ ದೂರದಿಂದ ಗೋಲಿಯನ್ನು ಅದಕ್ಕೆ ಬೀಳಿಸುವುದು. ಪಟಿಂಗ್ ಅಂದರೆ ಹೆಚ್ಚುಕಡಿಮೆ ಅದೇ, ಬೆರಳಿನ ಬದಲು ಕೋಲು. ಆ ಕೋಲಿಗೆ ಪಟರ್ ಅಂತ ಹೆಸರು. ನುಣ್ಣಗೆ ಕತ್ತರಿಸಿದ ಹುಲ್ಲಿನ ಅಂಗಳಕ್ಕೆ ಗ್ರೀನ್ ಅನ್ನುತ್ತಾರೆ. ಗುಳಿಯ ಅಗಲ ನಾಲ್ಕೂಕಾಲು ಅಂಗುಲ. 1891ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ರಾಯಲ್ ಅಂಡ್ ಏನ್ಷಂಟ್ ಕ್ಲಬ್ ಈ ಅಳತೆಯನ್ನು ನಿಯಮ ಮಾಡಿತು, ಇವತ್ತಿಗೂ ಬದಲಾಗಿಲ್ಲ. ಚೆಂಡಿನ ಅಗಲ ಒಂದೂಮುಕ್ಕಾಲು ಅಂಗುಲಕ್ಕೆ ಸ್ವಲ್ಪ ಕಮ್ಮಿ. ಹದಿನೆಂಟು ಗುಳಿಯ ಸಾಮಾನ್ಯ ಕೋರ್ಸಿಗೆ 72 ಹೊಡೆತದ ಲೆಕ್ಕ ಇಟ್ಟಿದ್ದರೆ ಅದರಲ್ಲಿ ಗ್ರೀನ್ ಒಂದಕ್ಕೆ ಎರಡರಂತೆ 36 ಹೊಡೆತ ಪಟಿಂಗಿಗೇ ಮೀಸಲು. ಅಂದರೆ ಅರ್ಧ ಆಟ! ಮುನ್ನೂರು ಗಜ ಹೊಡೆದರೂ ಒಂದು ಹೊಡೆತ, ಮೂರು ಅಡಿ ತಳ್ಳಿದರೂ ಒಂದು ಹೊಡೆತ.

ಇದರಲ್ಲಿ ಮೈಬಲ ಬೇಕಿಲ್ಲ, ವಯಸ್ಸು ಅಡ್ಡಿಯಿಲ್ಲ. ಹಾಗಾಗಿ ಇಲ್ಲಿ ತಪ್ಪಿದರೆ ಹೇಳಿಕೊಳ್ಳಲು ನೆಪವೂ ಇಲ್ಲ. ಗಾಳಿ, ಮರ, ಕೆರೆ ಯಾವುದರ ಮೇಲೂ ಹಾಕುವ ಹಾಗಿಲ್ಲ. ಪಟಿಂಗ್ ಕೈಕೊಟ್ಟವರು ಮಂಕಾಗುವುದು ಇದಕ್ಕೇ ಇರಬೇಕು.

ಮೊದಲು ಇದು ಯಾರನ್ನೆಲ್ಲ ಕಾಡಿತ್ತು ನೋಡಿ. ಹ್ಯಾರಿ ವಾರ್ಡನ್ ಬ್ರಿಟಿಷ್ ಓಪನ್ ಅನ್ನು ಆರು ಸಲ ಗೆದ್ದವನು, 1896ರಿಂದ 1914ರ ನಡುವೆ. ಆ ದಾಖಲೆ ಇನ್ನೂ ಯಾರೂ ಮುರಿದಿಲ್ಲ. ನಡುವೆ ಅವನಿಗೆ ಕ್ಷಯ ಬಂತು. ಕಾಯಿಲೆಯಿಂದ ಎದ್ದ ಮೇಲೆ ಚಿಕ್ಕ ಪಟ್ ಮುಂದೆ ನಿಂತರೆ ಬಲಗೈ ತಾನಾಗಿ ಎಗರತೊಡಗಿತು. ಆದರೂ 1911 ಮತ್ತು 1914ರಲ್ಲಿ ಗೆದ್ದ ಅನ್ನುವುದು ಬೇರೆ ಮಾತು. ಈ ಎಗರಾಟಕ್ಕೆ ಮುಂದೆ "ಯಿಪ್ಸ್" ಅಂತ ಹೆಸರು ಬಂತು. ಹೆಸರಿಟ್ಟವನು 1927ರ ಯುಎಸ್ ಓಪನ್ ಗೆದ್ದ ಟಾಮಿ ಆರ್ಮರ್ ಅನ್ನುತ್ತಾರೆ. 2000ದ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು ಇದನ್ನು ಕುಳಿತು ಅಧ್ಯಯನ ಮಾಡಿದರು. ಅವರು ಕಂಡುಕೊಂಡಿದ್ದು, ಇದರಲ್ಲಿ ಎರಡು ಬಗೆ ಇದೆ ಅಂತ. ಒಂದು ನರ-ಸ್ನಾಯುಗಳದ್ದು, ಬರೆದು ಬರೆದು ಗುಮಾಸ್ತರ ಬೆರಳು ಸೆಟೆದುಕೊಳ್ಳುವಂಥದ್ದು. ಇನ್ನೊಂದು ಬರೀ ಆತಂಕ, ಪರೀಕ್ಷೆ ಹಾಲಿನಲ್ಲಿ ಬರೋ ಉತ್ತರವೂ ಮರೆತು ಹೋಗುವಂಥದ್ದು.

ಈಗ ನನಗೆ ಬಹಳ ಇಷ್ಟವಾದ ಮನುಷ್ಯನಿಗೆ ಬರ್ತೀನಿ. ವಾಲ್ಟರ್ ಟ್ರಾವಿಸ್. ಹುಟ್ಟಿದ್ದು 1862ರಲ್ಲಿ ಆಸ್ಟ್ರೇಲಿಯಾದಲ್ಲಿ, ನೆಲೆಸಿದ್ದು ಅಮೆರಿಕದಲ್ಲಿ. ಗಾಲ್ಫ್ ಕೋಲು ಹಿಡಿದಾಗ ವಯಸ್ಸು ಮೂವತ್ತು ದಾಟಿ ಎಷ್ಟೋ ಆಗಿತ್ತು. ದುಡ್ಡಿಗೆ ಆಡಿದವನಲ್ಲ, ಹವ್ಯಾಸಿ. ಹಾಗಿದ್ದೂ 1900, 1901 ಮತ್ತು 1903ರಲ್ಲಿ ಅಮೆರಿಕದ ಹವ್ಯಾಸಿ ಚಾಂಪಿಯನ್! ದೂರಕ್ಕೆ ಹೊಡೆಯಲು ಬಾರದು, ಪಟಿಂಗೇ ಅವನ ಬಂಡವಾಳ. 1904ರಲ್ಲಿ ಬ್ರಿಟಿಷ್ ಹವ್ಯಾಸಿ ಪಂದ್ಯಾವಳಿ ಆಡಲು ಹಡಗು ಹತ್ತಿ ಹೋದ. ಅಲ್ಲಿ ಇಳಿದು ಅಭ್ಯಾಸ ಶುರು ಮಾಡಿದರೆ ಆ ಬಂಡವಾಳವೇ ಮಾಯ! ಯಾವ ಪಟರ್ ಹಿಡಿದರೂ ಚೆಂಡು ಗುಳಿಯ ಅಂಚು ಸವರಿ ಹೋಗುತ್ತಿತ್ತು. ಪರದೇಶ, ಆತಿಥೇಯರ ಜೊತೆ ಇರಿಸುಮುರಿಸು ಬೇರೆ, ಪಂದ್ಯ ತಲೆ ಮೇಲೆ.

ಆಗ ಸ್ನೇಹಿತನೊಬ್ಬ ತನ್ನ ಪಟರ್ ಕೊಟ್ಟು ಇದನ್ನೊಂದು ಸಲ ನೋಡು ಅಂದ. ಅದು ಸ್ಕೆನೆಕ್ಟಡಿ ಪಟರ್. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಊರಿನಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಇಂಜಿನಿಯರ್ ಆರ್ಥರ್ ನೈಟ್ ಮಾಡಿದ್ದು. ಪಾಪ ಆತನಿಗೂ ಪಟಿಂಗಿನದೇ ತಲೆನೋವಿತ್ತು. ಅಲ್ಯೂಮಿನಿಯಂ ತಲೆ, ಹಿಡಿಕೆಯನ್ನು ಮಾಮೂಲಿನ ಹಾಗೆ ಒಂದು ತುದಿಗೆ ಸೇರಿಸದೆ ನಡುವಿಗೆ ಹತ್ತಿರ ಸೇರಿಸಿದ್ದ, ಅಷ್ಟೇ ವ್ಯತ್ಯಾಸ. 1903ರಲ್ಲಿ ಪೇಟೆಂಟ್ ಕೂಡ ಸಿಕ್ಕಿತ್ತು.

ಟ್ರಾವಿಸ್ ಕೈಗೆ ಅದು ಬಂದದ್ದೇ ತಡ, ಚೆಂಡುಗಳು ಬೀಳತೊಡಗಿದವು. ಸ್ಯಾಂಡ್‌ವಿಚ್ ಊರಿನ ರಾಯಲ್ ಸೇಂಟ್ ಜಾರ್ಜಸ್ ಕೋರ್ಸಿನಲ್ಲಿ ಹೆರಾಲ್ಡ್ ಹಿಲ್ಟನ್, ಹೊರೇಸ್ ಹಚಿನ್ಸನ್‌ರಂಥ ಘಟಾನುಘಟಿಗಳನ್ನು ಸೋಲಿಸಿ ಫೈನಲ್ ತಲುಪಿದ. ಎದುರಾಳಿ ಎಡ್ವರ್ಡ್ ಬ್ಲಾಕ್‌ವೆಲ್, ಆ ಕಾಲದಲ್ಲಿ ಬಲು ದೂರ ಹೊಡೆಯುವವನೆಂದು ಹೆಸರಾದವನು. ಪ್ರತಿ ಗುಳಿಯಲ್ಲೂ ಬ್ಲಾಕ್‌ವೆಲ್ ಚೆಂಡು ಎಲ್ಲೋ ಮುಂದೆ, ನಲವತ್ತೆರಡರ ಟ್ರಾವಿಸ್ ಚೆಂಡು ಎಲ್ಲೋ ಹಿಂದೆ. ಗ್ರೀನ್ ತಲುಪಿದ ಮೇಲೆ ಮಾತ್ರ ಲೆಕ್ಕ ತಿರುಗುಮುರುಗು! ಇನ್ನು ಮೂರೇ ಗುಳಿ ಬಾಕಿ ಇರುವಾಗ ನಾಲ್ಕರ ಮುನ್ನಡೆಯಲ್ಲಿ ಟ್ರಾವಿಸ್ ಗೆದ್ದ. ಹೊರಗಿನವನೊಬ್ಬ ಆ ಪದಕ ಒಯ್ದದ್ದು ಅದೇ ಮೊದಲು.

ಮುಂದೇನಾಯ್ತು ಗೊತ್ತೇ? 1910ರಲ್ಲಿ ರಾಯಲ್ ಅಂಡ್ ಏನ್ಷಂಟ್ ಆ ಪಟರನ್ನೇ ಕಾನೂನುಬಾಹಿರ ಮಾಡಿತು. ನ್ಯೂಜಿಲೆಂಡಿನ ಒಂದು ಕ್ಲಬ್ಬು ಕ್ರೋಕೆ ಆಟದ ಸುತ್ತಿಗೆಯಂಥದ್ದನ್ನು ಪಟಿಂಗಿಗೆ ಬಳಸಬಹುದೇ ಅಂತ ಕೇಳಿತ್ತು. ಅದಕ್ಕೆ ಉತ್ತರ ಕೊಡಲು ಹೋಗಿ ಸುತ್ತಿಗೆ ಆಕಾರದ್ದಕ್ಕೆಲ್ಲ ಬಾಗಿಲು ಹಾಕಿದರು, ಸ್ಕೆನೆಕ್ಟಡಿಯೂ ಅದರಲ್ಲಿ ಸಿಕ್ಕಿಬಿತ್ತು. ಅಮೆರಿಕದವರು ಈ ನಿಷೇಧ ಒಪ್ಪಲಿಲ್ಲ. ಎರಡೂ ಕಡೆಯವರು ಕೂತು ಒಂದೇ ನಿಯಮ ಬರೆದದ್ದು 1951ರಲ್ಲಿ, ಆಗ ನಡುವೆ ಹಿಡಿಕೆ ಇರುವ ಪಟರಿಗೆ ಬಿಡುಗಡೆ. ನಲವತ್ತೊಂದು ವರ್ಷ ಸ್ವಾಮಿ, ಒಂದು ಕೋಲಿಗೆ!

ಹಾಗಾದರೆ ಗುಟ್ಟು ಇರುವುದು ಕೋಲಿನಲ್ಲಾ? ಅದನ್ನೂ ಟ್ರಾವಿಸ್ಸನೇ ಹೇಳಿಕೊಟ್ಟ, ಇನ್ನೊಬ್ಬ ಹವ್ಯಾಸಿಯ ಮೂಲಕ. ಬಾಬಿ ಜೋನ್ಸ್ ಹೆಸರು ಕೇಳಿರಬಹುದು. ನಮ್ಮ ಜಾತಿಯವನೇ, ಅಂದರೆ ಇಂಜಿನಿಯರು! 1922ರಲ್ಲಿ ಜಾರ್ಜಿಯಾ ಟೆಕ್‌ನಿಂದ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿ, ಆಮೇಲೆ ಹಾರ್ವರ್ಡ್‌ನಲ್ಲಿ ಸಾಹಿತ್ಯ, ಹೊಟ್ಟೆಪಾಡಿಗೆ ವಕೀಲಿಕೆ. ಜೀವನವಿಡೀ ಹವ್ಯಾಸಿಯಾಗಿಯೇ ಆಡಿದ. 1916ರಲ್ಲಿ ಮೆರಿಯನ್ ಕೋರ್ಸಿನಲ್ಲಿ ಹದಿನಾಲ್ಕರ ಈ ಹುಡುಗನನ್ನು ನೋಡಿದ ಟ್ರಾವಿಸ್, ಇವನ ಆಟದಲ್ಲಿ ತಿದ್ದಬೇಕಾದದ್ದು ಪಟಿಂಗ್ ಮಾತ್ರ ಅಂದನಂತೆ, ಹೇಳಿಕೊಡಲು ಒಪ್ಪಿದ ಕೂಡ. ಹುಡುಗ ಹೇಳಿದ ಸಮಯಕ್ಕೆ ಬರಲಿಲ್ಲ. ಮುದುಕ ಖಡಕ್, ಹೇಳಿಕೊಡಲ್ಲ ಹೋಗು ಅಂದುಬಿಟ್ಟ!

ಪಾಠ ಆದದ್ದು ಎಂಟು ವರ್ಷದ ಮೇಲೆ, 1924ರಲ್ಲಿ, ಆಗಸ್ಟಾದಲ್ಲಿ. ಟ್ರಾವಿಸ್ ಅವನ ಕೈಗೆ ಹೊಸ ಕೋಲು ಕೊಡಲಿಲ್ಲ. ಎರಡೂ ಹಿಮ್ಮಡಿ ಹೆಚ್ಚುಕಡಿಮೆ ತಾಕುವಷ್ಟು ಕಾಲು ಹತ್ತಿರ ಇಡು ಅಂದ. ಎರಡು ಕೈಯೂ ಒಂದೇ ಕೈ ಹಾಗೆ ಕೆಲಸ ಮಾಡುವಂತೆ ಹಿಡಿತ ಬದಲಿಸಿದ. ಆಮೇಲೆ, ಚೆಂಡಿನ ಹಿಂಬದಿಗೆ ಒಂದು ಸಣ್ಣ ಮೊಳೆ ಚುಚ್ಚಿದೆ ಅಂದುಕೋ, ಆ ಮೊಳೆಯನ್ನು ಒಳಕ್ಕೆ ಹೊಡಿ ಅಂದ. ಅಷ್ಟೇ. ಅದೇ ವರ್ಷ ಜೋನ್ಸ್ ಮೊದಲ ಸಲ ಅಮೆರಿಕದ ಹವ್ಯಾಸಿ ಪ್ರಶಸ್ತಿ ಗೆದ್ದ, ಅದೂ ಅದೇ ಮೆರಿಯನ್‌ನಲ್ಲಿ. 1930ರಲ್ಲಿ ಬ್ರಿಟನ್ ಮತ್ತು ಅಮೆರಿಕದ ಓಪನ್, ಹವ್ಯಾಸಿ ನಾಲ್ಕನ್ನೂ ಒಂದೇ ವರ್ಷ ಗೆದ್ದು ದೊಡ್ಡ ಪಂದ್ಯಗಳಿಗೆ ಕೈಮುಗಿದ. ಆಗ ಅವನಿಗೆ 28. (ನನಗೂ ಹೆಚ್ಚುಕಡಿಮೆ ಅಷ್ಟೇ. ಮುಂದಿನ ಮಾತು ಬೇಡ ಬಿಡಿ!)

ಆ ಮೊಳೆಯನ್ನೇ ಸ್ವಲ್ಪ ಯೋಚಿಸಿ. ಗುಳಿಗೆ ಬೀಳುತ್ತಾ ಇಲ್ಲವಾ ಅನ್ನುವ ಚಿಂತೆಯಲ್ಲಿದ್ದ ಮನಸ್ಸಿಗೆ ಬೇರೊಂದು ಕೆಲಸ ಸಿಕ್ಕಿತು. ಮೂರಡಿ ಆಚೆಯ ಗುಳಿಯ ಬದಲು ಕಣ್ಣ ಮುಂದಿನ ಮೊಳೆ. ಟ್ರಾವಿಸ್ ಕೈಗೆ ಹೊಸ ಪಟರ್ ಬಂದಾಗಲೂ ಹೀಗೇ ಆಗಿರಬೇಕು ಅಂತ ನನ್ನ ಊಹೆ. ಹಳೇ ಕೋಲಿನ ಜೊತೆಗೆ ಹಳೇ ಹೆದರಿಕೆಯೂ ಅಂಟಿಕೊಂಡಿರುತ್ತೆ. ಹೊಸ ಕೋಲಿಗೆ ತಪ್ಪಿದ ನೆನಪೇ ಇಲ್ಲ!

ಮುಂದಿನ ಪಾತ್ರವೂ ಇಂಜಿನಿಯರೇ, ಅದೂ ಅದೇ ಜನರಲ್ ಎಲೆಕ್ಟ್ರಿಕ್ ಕಂಪನಿಯವನು. ಕಾರ್ಸ್ಟನ್ ಸೋಲ್‌ಹೈಮ್. 1911ರಲ್ಲಿ ನಾರ್ವೆಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವನು, ಇಂಜಿನಿಯರ್ ಆಗುವ ಮೊದಲು ಚಪ್ಪಲಿ ಹೊಲಿಯುವ ಕಸುಬು. ಸಹೋದ್ಯೋಗಿಗಳ ಒತ್ತಾಯಕ್ಕೆ ಗಾಲ್ಫ್ ಶುರು ಮಾಡಿದಾಗ ವಯಸ್ಸು ಮತ್ತೆ ನಲವತ್ತೆರಡು! ಪಟಿಂಗ್ ಒಲಿಯಲಿಲ್ಲ. ಆತ ತನ್ನನ್ನು ಬೈದುಕೊಳ್ಳುವ ಬದಲು ಕೋಲನ್ನು ಅನುಮಾನಿಸಿದ. ಚೆಂಡು ಸರಿಯಾಗಿ ನಡುವಿಗೆ ತಾಕದಿದ್ದರೆ ಪಟರ್ ತಲೆ ತಿರುಚಿಕೊಳ್ಳುತ್ತೆ, ದಿಕ್ಕು ತಪ್ಪುತ್ತೆ. ತಿರುಚದ ಹಾಗೆ ಮಾಡುವುದು ಹೇಗೆ? ಭಾರವನ್ನು ನಡುವಿನಿಂದ ತೆಗೆದು ಎರಡು ತುದಿಗೆ ಇಡಬೇಕು. ಐಸ್‌ಕ್ಯಾಂಡಿ ಕಡ್ಡಿಗಳಿಗೆ ಸಕ್ಕರೆ ಅಚ್ಚು ಅಂಟಿಸಿ ಪ್ರಯೋಗ ಮಾಡಿ ನೋಡಿದನಂತೆ. ಹೆಗಲ ಮೇಲೆ ಕಾವಡಿ ಹೊತ್ತವರನ್ನು ನೋಡಿದ್ದರೆ ಇದು ತಕ್ಷಣ ಅರ್ಥವಾಗುತ್ತೆ, ಎರಡು ತುದಿಗೆ ಭಾರ ಇರುವ ಕೋಲನ್ನು ಗಕ್ಕನೆ ತಿರುಗಿಸುವುದು ಕಷ್ಟ. ಪಿಯುಸಿಯಲ್ಲಿ ಉರು ಹೊಡೆದ ಜಡತ್ವದ ಮಹತ್ವ ಇದೇ!

1959ರಲ್ಲಿ ಕ್ಯಾಲಿಫೋರ್ನಿಯಾದ ತನ್ನ ಮನೆ ಗ್ಯಾರೇಜಿನಲ್ಲಿ ಆ ಪಟರ್ ತಯಾರಾಯಿತು. ಚೆಂಡಿಗೆ ತಾಕಿದಾಗ "ಪಿಂಗ್" ಅಂತ ಸದ್ದು ಬರುತ್ತಿತ್ತು, ಅದೇ ಹೆಸರಾಯಿತು. 1966ರಲ್ಲಿ ಇನ್ನೊಂದು ವಿನ್ಯಾಸ ಹೊಳೆದಾಗ ಕೈಗೆ ಸಿಕ್ಕಿದ ಗ್ರಾಮಫೋನ್ ತಟ್ಟೆಯ ಕವರಿನ ಮೇಲೇ ಗೀಚಿದ. ಹೆಂಡತಿ ಲೂಯಿಸ್ "ಆನ್ಸರ್" ಅಂತ ಹೆಸರಿಡಿ ಅಂದರು, ಇಂಗ್ಲಿಷಿನ ಅಷ್ಟೂ ಅಕ್ಷರ ಪಟರ್ ಮೇಲೆ ಹಿಡಿಸದೆ ಒಂದಕ್ಷರ ಕೈಬಿಟ್ಟರು. 1969ರಲ್ಲಿ ಜಾರ್ಜ್ ಆರ್ಚರ್ ಅದರಿಂದ ಮಾಸ್ಟರ್ಸ್ ಗೆದ್ದ. ಇವತ್ತು ಯಾವ ಕ್ರೀಡಾ ಅಂಗಡಿಗೆ ಹೋದರೂ ಆ ಆಕಾರದ ಪಟರ್ ಇಲ್ಲದೆ ಇರುವುದಿಲ್ಲ.

ಎಲ್ಲರ ಅದೃಷ್ಟ ಹೀಗೇ ಇರಲಿಲ್ಲ. ಸ್ಯಾಮ್ ಸ್ನೀಡ್ ವಯಸ್ಸಾದ ಮೇಲೆ ಕೈ ನಡುಕ ತಾಳಲಾರದೆ 1966ರಲ್ಲಿ ಚೆಂಡಿನ ಗೆರೆಯ ಎರಡೂ ಬದಿ ಕಾಲಿಟ್ಟು, ಕ್ರೋಕೆ ಆಡುವವರ ಹಾಗೆ ತಳ್ಳತೊಡಗಿದ. 1968ರಿಂದ ಹಾಗೆ ನಿಲ್ಲುವುದೇ ನಿಷಿದ್ಧವಾಯಿತು. ಸ್ನೀಡ್ ಎರಡೂ ಕಾಲನ್ನು ಒಂದೇ ಬದಿಗೆ ತಂದು ಮುಂದುವರಿದ! ಜರ್ಮನಿಯ ಬರ್ನ್‌ಹಾರ್ಡ್ ಲ್ಯಾಂಗರ್‌ಗೆ ಹರೆಯದಲ್ಲೇ ಯಿಪ್ಸ್ ಬಂತು. ಆತ 1985ರಲ್ಲಿ ಚಿಕ್ಕ ಪಟ್‌ಗಳಿಗೆ ಎಡಗೈ ಕೆಳಗೆ ಹಿಡಿದು ಮಾಸ್ಟರ್ಸ್ ಗೆದ್ದ, 1993ರಲ್ಲಿ ಪಟರ್ ಹಿಡಿಕೆಯನ್ನು ಎಡ ಮುಂಗೈಗೆ ಬಲಗೈಯಿಂದ ಅದುಮಿ ಹಿಡಿದು ಮತ್ತೆ ಗೆದ್ದ. ಆಮೇಲೆ ಉದ್ದ ಪಟರ್. ಅಂಥ ಪಟರಿನ ತುದಿಯನ್ನು ಎದೆಗೋ ಹೊಟ್ಟೆಗೋ ಆನಿಸುವುದನ್ನು 2016ರ ಜನವರಿ 1ರಿಂದ ನಿಷೇಧಿಸಿದರು. ಆತ ಎದೆಯಿಂದ ಒಂಚೂರು ದೂರ ಹಿಡಿದು ಹಿರಿಯರ ಪಂದ್ಯಗಳಲ್ಲಿ ಗೆಲ್ಲುತ್ತಲೇ ಹೋದ. ಯಿಪ್ಸ್ ಬಂದಾಗಲೆಲ್ಲ ಒಂದು ಉಪಾಯ, ನಿಯಮ ಬಂದಾಗಲೆಲ್ಲ ಇನ್ನೊಂದು.

ನಿಯಮ ಮಾಡುವವರದೂ ಪೂರ್ತಿ ತಪ್ಪು ಅನ್ನಲಾರೆ. ಎಲ್ಲಕ್ಕೂ ಊರುಗೋಲು ಕೊಟ್ಟರೆ ಆಟದಲ್ಲಿ ಕೈಯ ಪಾತ್ರ ಏನುಳಿಯಿತು? ಆದರೆ ಇವರು ಯಾರೂ ಮೋಸಕ್ಕೆ ಹೊರಟವರಲ್ಲ. ಆಟ ಬಿಟ್ಟುಹೋಗದೆ ಉಳಿಯಲು ದಾರಿ ಹುಡುಕಿದವರು. ಪಟಿಂಗ್ ಹೋಯಿತು ಅಂತ ಆಟವನ್ನೇ ಬಿಟ್ಟವರ ಹೆಸರು ಚರಿತ್ರೆಯಲ್ಲಿ ಸಿಗುವುದಿಲ್ಲ, ಅಷ್ಟೇ.

ಇನ್ನು ನಮ್ಮ ಬೆಂಗಳೂರಿಗೆ ಬರೋಣ. ಇಲ್ಲಿ ಈ ಆಟಕ್ಕೆ ಹಳೇ ಬೇರಿದೆ. ಹೈಗ್ರೌಂಡ್ಸ್‌ನ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ, ಟ್ರಾವಿಸ್ ಆಗ ಹದಿನಾಲ್ಕರ ಹುಡುಗ! ಹಳೇ ವಿಮಾನ ನಿಲ್ದಾಣದ ರಸ್ತೆಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಕೋರ್ಸು ಬಂದದ್ದು ಎಷ್ಟೋ ಆಮೇಲೆ, ಚಲ್ಲಘಟ್ಟದ ಕೆರೆ ಇದ್ದ ಜಾಗದಲ್ಲಿ. ಪಕ್ಕದಲ್ಲೇ ಸಾಫ್ಟ್‌ವೇರ್ ಪಾರ್ಕು, ಅಲ್ಲಿ ಕೆಲಸ ಮಾಡಿದ ನಮ್ಮಂಥವರು ಗಾಜಿನ ಹಿಂದೆ ನಿಂತು ಆ ಹಸಿರನ್ನು ನೋಡಿದ್ದೇ ನೋಡಿದ್ದು.

ಆದರೆ ಆ ಹಸಿರನ್ನು ನಿಜವಾಗಿ ಬಲ್ಲವರು ಬೇರೆ, ಚೀಲ ಹೊರುವ ಕ್ಯಾಡಿಗಳು. ಬೆಂಗಳೂರಿನ ಸಿ. ಮುನಿಯಪ್ಪ ಅವರಲ್ಲೊಬ್ಬರು. 2009ರಲ್ಲಿ ಗುರುಗ್ರಾಮದಲ್ಲಿ ನಡೆದ ಇಂಡಿಯನ್ ಓಪನ್ ಅನ್ನು ಪ್ಲೇಆಫ್‌ನಲ್ಲಿ ಗೆದ್ದರು. ಬಿಡದಿ ಕಡೆಯ ಎಸ್. ಚಿಕ್ಕರಂಗಪ್ಪ ಕೂಡ ಕ್ಯಾಡಿಯಾಗಿದ್ದು ಮುಂದೆ ದೇಶದ ಒಳ್ಳೆಯ ಆಟಗಾರರಲ್ಲಿ ಒಬ್ಬರಾದವರು. ಈ ಹೆಸರುಗಳನ್ನು ಇನ್ನೊಂದು ಸಲ ಓದಿ. ನಮ್ಮ ಅನುಗೊಂಡನಹಳ್ಳಿ ಸರ್ಕಲ್ಲಿನಲ್ಲಿ ನಿಂತು "ಮುನಿಯಪ್ಪಣ್ಣಾ" ಅಂತ ಕೂಗಿದರೆ ಹತ್ತು ಜನ ತಿರುಗಿ ನೋಡ್ತಾರೆ! ದುಡ್ಡಿರೋರ ಆಟ ಅನ್ನುವವರಿಗೆ ನಾನು ಕೊಡುವ ಉತ್ತರ ಈ ಎರಡು ಹೆಸರು. ಉದ್ದ ಹೊಡೆತ ಅಭ್ಯಾಸ ಮಾಡಲು ಬಯಲು ಬೇಕು, ಚೆಂಡು ಬೇಕು, ಕಾಸು ಬೇಕು. ಪಟಿಂಗಿಗೆ ನಾಲ್ಕು ಮಾರು ಸಮ ನೆಲ ಸಾಕು.

ಕೊನೆಗೆ ಅದಿತಿ ಅಶೋಕ್. ಅಪ್ಪ ಅಮ್ಮ ಇಬ್ಬರೂ ಗಾಲ್ಫ್ ಆಡಿದವರಲ್ಲ. ತಿಂಡಿಗೆ ಹೋಗುತ್ತಿದ್ದ ಹೋಟೆಲಿನಿಂದ ಕೆಜಿಎ ಕಾಣುತ್ತಿತ್ತು, ಐದಾರು ವರ್ಷದ ಹುಡುಗಿ ಅಲ್ಲಿಗೆ ಹೋಗೋಣ ಅಂದಳು, ಕಥೆ ಶುರು. 2021ರ ಆಗಸ್ಟಿನಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೆ ಹೋದಾಗ ಆಕೆಯ ವಿಶ್ವ ಶ್ರೇಯಾಂಕ 200. ಆ ವರ್ಷವೇ ಕೋವಿಡ್ ಬಂದು ಮೈಬಲ ಕುಗ್ಗಿತ್ತು, ಹೊಡೆತ ಇನ್ನಷ್ಟು ಗಿಡ್ಡವಾಗಿತ್ತು. ಜೊತೆ ಆಡಿದವರ ಚೆಂಡು ಎಷ್ಟೋ ಗಜ ಮುಂದೆ ಬೀಳುತ್ತಿತ್ತು, ಚೀಲ ಹೊತ್ತ ಅಮ್ಮ ಪಕ್ಕದಲ್ಲಿ. ಆದರೆ ಗ್ರೀನ್ ಮೇಲೆ ಆಕೆಯನ್ನು ಹಿಡಿಯುವವರಿರಲಿಲ್ಲ. ನಾಲ್ಕು ದಿನ ದೇಶಕ್ಕೆ ದೇಶವೇ ಬೆಳಗ್ಗೆ ಎದ್ದು ಅರ್ಥವಾಗದ ಆಟವನ್ನು ಟಿವಿಯಲ್ಲಿ ನೋಡಿತು, ನಮ್ಮ ಮನೆಯಲ್ಲೂ! ಒಟ್ಟು ಪಾರ್‌ಗಿಂತ 15 ಕಮ್ಮಿ. ಕಂಚು ಗೆದ್ದ ಲಿಡಿಯಾ ಕೋ 16 ಕಮ್ಮಿ. ಕೊನೇ ಗುಳಿಯಲ್ಲಿ ಅದಿತಿಯ ಬರ್ಡಿ ಪಟ್ ಪಕ್ಕದಲ್ಲಿ ಸರಿದುಹೋಯಿತು. ನಾಲ್ಕನೇ ಸ್ಥಾನ. ಸ್ಯಾಂಡ್‌ವಿಚ್‌ನಲ್ಲಿ ಟ್ರಾವಿಸ್ ಆಡಿದ ಆಟವನ್ನೇ ನೂರಾ ಹದಿನೇಳು ವರ್ಷದ ಮೇಲೆ ನಮ್ಮೂರ ಹುಡುಗಿ ಆಡಿದಳು ಅಂತ ನನಗೆ ಅನ್ನಿಸುತ್ತೆ, ಪದಕವೊಂದು ಬಿಟ್ಟು.

ಆ ಪಟ್ ತಪ್ಪಿದ್ದು ಫಾರ್ಮ್ ಹೋಗಿ ಅಲ್ಲ. ಇಲ್ಲಿ ಅಂಕಿ ಸಂಖ್ಯೆ ಸಹಾಯಕ್ಕೆ ಬರುತ್ತೆ. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಅನ್ನುವ ಪ್ರೊಫೆಸರು ಲಕ್ಷಾಂತರ ಹೊಡೆತಗಳ ಲೆಕ್ಕ ತೆಗೆದಿದ್ದಾರೆ. ಅಮೆರಿಕದ ಪಿಜಿಎ ಟೂರ್ 2011ರಿಂದ ಪಟಿಂಗ್ ಅಳೆಯುವುದು ಅವರ ವಿಧಾನದಲ್ಲೇ. ಆ ಲೆಕ್ಕದ ಪ್ರಕಾರ ವೃತ್ತಿಪರರೇ ಎಂಟು ಅಡಿಯಿಂದ ಸುಮಾರು ಅರ್ಧದಷ್ಟು ಪಟ್ ತಪ್ಪುತ್ತಾರೆ! ಒಂದು ಸುತ್ತಿಗೆ 90 ಹೊಡೆತ ತೆಗೆದುಕೊಳ್ಳುವ ಹವ್ಯಾಸಿಗೆ ಐದು ಅಡಿಯಲ್ಲೇ ಅರ್ಧ ಹೋಗುತ್ತೆ. ಟಿವಿಯವರು ಬಿದ್ದ ಪಟ್ಟನ್ನೇ ಮತ್ತೆ ಮತ್ತೆ ತೋರಿಸುವುದರಿಂದ ಎಲ್ಲವೂ ಬೀಳಬೇಕು ಅನ್ನುವ ಭ್ರಮೆ ನಮಗೆ. ಎಷ್ಟೋ ಸಲ ಫಾರ್ಮ್ ಹೋಯಿತು ಅಂತ ಗೋಳಾಡುವುದು ಬರೀ ನಾಣ್ಯ ನಾಲ್ಕು ಸಲ ಒಂದೇ ಕಡೆ ಬಿದ್ದ ಲೆಕ್ಕ.

ಇಷ್ಟೆಲ್ಲ ಓದಿ ನನಗೆ ದಕ್ಕಿದ್ದು ಇಷ್ಟು. ಮೊದಲು ಎಣಿಸಬೇಕು, ನಿಜವಾಗಿ ಎಷ್ಟು ತಪ್ಪುತ್ತಿದೆ, ಎಷ್ಟು ದೂರದಿಂದ ಅಂತ. ನನ್ನದನ್ನು ಈಗ ಒಂದು ಸ್ಪ್ರೆಡ್‌ಶೀಟಿನಲ್ಲಿ ಬರೆದಿಡುತ್ತಿದ್ದೇನೆ. ಎಣಿಸಿದ ಮೇಲೂ ಕೆಟ್ಟಿದೆ ಅಂತ ಖಾತ್ರಿಯಾದರೆ ಅದೇ ಹೊಡೆತವನ್ನು ಇನ್ನಷ್ಟು ಹಲ್ಲು ಕಚ್ಚಿ ಹೊಡೆದು ಪ್ರಯೋಜನವಿಲ್ಲ. ಈ ಚರಿತ್ರೆಯಲ್ಲಿ ಹಾಗೆ ಹಲ್ಲು ಕಚ್ಚಿ ಹೊರಬಂದವರು ನನಗಂತೂ ಒಬ್ಬರೂ ಸಿಗಲಿಲ್ಲ. ಕೋಲು ಬದಲಿಸಿದರು, ಹಿಡಿತ ಬದಲಿಸಿದರು, ನಿಲುವು ಬದಲಿಸಿದರು, ಅದೂ ಇಲ್ಲದಿದ್ದರೆ ಚೆಂಡಿನ ಹಿಂದೆ ಇಲ್ಲದ ಮೊಳೆಯೊಂದನ್ನು ಕಂಡರು. ಹೆದರಿದ ಕೈಗೆ ಧೈರ್ಯ ಹೇಳಿ ಕೂರುವುದಕ್ಕಿಂತ ಬೇರೆ ಕೆಲಸ ಕೊಡುವುದು ಮೇಲು.

ಟ್ರಾವಿಸ್ಸನ ಮೊಳೆಯನ್ನು ಎರಡು ವಾರದಿಂದ ಹೊಡೆಯುತ್ತಿದ್ದೇನೆ. ಸ್ಪ್ರೆಡ್‌ಶೀಟು ಇನ್ನೂ ತೀರ್ಪು ಕೊಟ್ಟಿಲ್ಲ, ಆದರೆ ಮೂರಡಿ ಮುಂದೆ ನಿಂತಾಗ ಉಸಿರು ಹಿಡಿಯುವುದು ನಿಂತಿದೆ. ನಿಮ್ಮಲ್ಲಿ ಗಾಲ್ಫ್ ಆಡುವವರು ಕಮ್ಮಿ ಇರಬಹುದು, ಪರವಾಗಿಲ್ಲ. ಕೇರಂ, ಹಾರ್ಮೋನಿಯಂ, ರಂಗೋಲಿ, ಕವಿತೆ... ಚೆನ್ನಾಗಿ ಬರುತ್ತಿದ್ದದ್ದು ಒಂದು ದಿನ ಇದ್ದಕ್ಕಿದ್ದಂತೆ ಕೈಕೊಟ್ಟ ಅನುಭವ ನಿಮಗೂ ಇದ್ದೇ ಇರುತ್ತೆ. ನೀವು ಯಾವ ಮೊಳೆ ಹೊಡೆದಿರಿ? ಬರೆದು ತಿಳಿಸಿ, ಕಾಯ್ತಿರ್ತೀನಿ.